ತಿರಕವ್ವನ ಕೊರಡು

ಬಹಳ ಹಿಂದಿನ ಮಾತು, ಒಂದೂರು. ಯಾವ ಊರು ಅಂತ ಕೇಳಬೇಡಿ, ಹೇಳಿ ಹೇಳಿ ನನಗೂ ಸಾಕಾಗಿದೆ. ನಾಲ್ಕು ಊರಿನವರು ನಮ್ಮದೇ ಅಂತಾರೆ. ಆ ಊರಲ್ಲಿ ತಿರಕವ್ವ ಅಂತ ಒಬ್ಬಳಿದ್ದಳಂತೆ. ಅವಳು ಬೈದರೆ ಪಕ್ಕದೂರಿನ ನಾಯಿಯೂ ಬಾಲ ಮುದುರಿಕೊಳ್ಳುತ್ತಿತ್ತಂತೆ. ಬೈಯದೆ ಇನ್ನೇನು ಮಾಡಬೇಕು? ಹೇಳಿದ್ದನ್ನು ಒಬ್ಬರಾದರೂ ಕೇಳುತ್ತಿದ್ದರೆ ತಾನೆ!

ಒಂದು ವರ್ಷ ಊರಿನ ಹಗೇವಿಗೆ ನೀರಿಳಿದು, ನೆಲದಡಿ ಇಟ್ಟಿದ್ದ ರಾಗಿಯೆಲ್ಲ ಮುಗ್ಗಿಹೋಯಿತಂತೆ. ಉಳಿದದ್ದು ತಿರಕವ್ವನ ಸೋರೆಬುರುಡೆಯಲ್ಲಿದ್ದ ಎರಡು ಸೇರು ಬೀಜ. ಅದನ್ನೇ ಅವಳ ಹೊಲದಲ್ಲಿ ಬಿತ್ತಿದರು. ಅದು ಒಣಗಿದರೆ ಮುಂದಿನ ವರ್ಷ ಯಾರ ಮನೆಯಲ್ಲೂ ಬಿತ್ತೋದಕ್ಕೆ ಒಂದು ಕಾಳಿಲ್ಲ. ಪೈರು ಗೇಣುದ್ದ ಬಂತು, ಮಳೆ ನಿಂತುಹೋಯಿತು.

ಊರವರು ಕೊಡ ಹೊತ್ತು ಬಂದರಂತೆ. ತಿರಕವ್ವ ಬದುವಿನ ಮೇಲೆ ನಿಂತು ತಡೆದಳಂತೆ. ಅಷ್ಟಕ್ಕೇ ಬಿಡಲಿಲ್ಲ, ಎತ್ತಿಗೆ ಹಗುರವಾದೊಂದು ಮರದ ಕೊರಡು ಕಟ್ಟಿ ಎಳೆ ಪೈರಿನ ಮೇಲೆಯೇ ಎಳೆಸಿದಳಂತೆ. ಪೈರೆಲ್ಲ ನೆಲಕ್ಕೆ ಮಲಗಿತು. ಮುದುಕಿಗೆ ಅರಳುಮರಳು ಅಂತ ಊರೆಲ್ಲ ಬಾಯಿ ಬಡಿದುಕೊಂಡಿತು.

"ಬೇರಿಗೆ ಬಾಯಾರಬೇಕ್ರೋ!" ಅಂದಳಂತೆ. "ನೀರಿಲ್ಲ ಅಂತ ತಿಳದ್ರ ಬೇರು ಎಲಿಗೆ ಸುದ್ದಿ ಕಳಸ್ತೈತಿ. ಎಲಿ ಕದಾ ಹಾಕ್ಕೊಂಡು ಒಳಗಿನ ನೀರು ಉಳಸ್ಕೊಂತೈತಿ. ನೀವು ಮ್ಯಾಲ ಸುರುವಿದ್ರ ಬೇರು ಯಾಕ ಕೆಳಗ ಇಳೀತೈತಿ, ನಿಮ್ಮ ತಲಿ!"

ಬೇರಿನಿಂದ ಎಲೆಗೆ ಹೋಗುವ ಆ ಸುದ್ದಿಗೆ ಈಗ ಓದಿದವರು ಹಾರ್ಮೋನು ಅಂತಾರೆ. ಅನ್ನಲಿ, ಪಾಪ. ಸುಳಿ ಬಗ್ಗಿದಾಗ ಬುಡದಲ್ಲಿ ತೆಂಡೆ ಒಡೆದು ಹೊಸ ಕವಲು ಬರುವುದೂ ಅಂಥದ್ದರಿಂದಲೇ ಅಂತೆ. ತಿರಕವ್ವನಿಗೆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಅವಳ ಹೊಸ ಸೊಸೆ ಫಕೀರವ್ವ. ಪೈರು ಒಣಗಿದರೆ ಅತ್ತೆಯನ್ನು ಊರವರು ಬದುಕಲು ಬಿಡುವುದಿಲ್ಲ ಅಂತ ಆ ಹುಡುಗಿಗೆ ಭಯ. ಒಂದು ಮೂಲೆಯಾದರೂ ಉಳಿಯಲಿ ಅಂತ, ಅತ್ತೆ ಊಟ ಮಾಡಿ ಅಡ್ಡಾದಾಗ ದಿನಾ ಬಾವಿಯಿಂದ ನಾಲ್ಕು ಕೊಡ ತಂದು ಸುರಿದಳಂತೆ. ಹತ್ತು ದಿನಕ್ಕೆ ಆ ಮೂಲೆ ಹಸಿರೋ ಹಸಿರು. ಊರವರು ಅದನ್ನೇ ತೋರಿಸಿ ತಿರಕವ್ವನನ್ನು ಆಡಿಕೊಂಡರಂತೆ. ಇಂಥವರಿಗೆ ಏನು ಹೇಳಬೇಕು?

ಆಮೇಲೆ ಬಾವಿಯ ತಳ ಕಂಡಿತು. ಮೂರೇ ದಿನ, ಹಸಿರು ಮೂಲೆ ಸುಟ್ಟು ಕರಕಲಾಯಿತಂತೆ. ಉಳಿದ ಪೈರು ಎಲೆ ಸುತ್ತಿಕೊಂಡು ತಿಂಗಳಿಡೀ ಹಾಗೇ ನಿಂತಿತಂತೆ. ಕೊನೆಗೂ ಮಳೆ ಬಂದಾಗ ಒಂದೊಂದು ಬುಡಕ್ಕೆ ಮೂವತ್ತು ತೆಂಡೆಯಂತೆ. ನಮ್ಮವ್ವ ಅರವತ್ತು ಅನ್ನುತ್ತಿದ್ದಳು. ಎಣಿಸೋದಕ್ಕೆ ನಾನೇನು ಅಲ್ಲಿದ್ದೆನಾ?

ಸೊಸೆ ಬರಿಗೊಡ ಹಿಡಿದು ಸತ್ತ ಮೂಲೆಯಲ್ಲಿ ಅಳುತ್ತ ನಿಂತಿದ್ದಳಂತೆ. ಇವತ್ತು ಬೈಗುಳ ಕೇಳಬೇಕು ಅಂತ ಊರೇ ಬದುವಿಗೆ ಬಂದಿತ್ತು. ತಿರಕವ್ವ ಬಾಯಿ ತೆರೆದಳಂತೆ. ಹಾಗೇ ಮುಚ್ಚಿದಳಂತೆ. ಊರಿಗೆಲ್ಲ ಕೂಗಿ ಹೇಳಿದವಳು, ಮನೆಯ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಸಲವೂ ಹೇಳಿರಲಿಲ್ಲ. ಕೊರಡಿನ ಹಗ್ಗ ತಂದು ಸೊಸೆಯ ಕೈಗಿಟ್ಟು, ಬರುವ ವರ್ಷ ನೀನೇ ಎಳಸು ಅಂದಳಂತೆ. ಅವಳು ಬೈಯದೆ ಮನೆಗೆ ಹೋದದ್ದು ಅದೊಂದೇ ದಿನವಂತೆ.

ಈಗಲೂ ನಮ್ಮ ಕಡೆ ರಾಗಿಗೆ ಕೊರಡು ಎಳೆಯುವ ದಿನ ಹಗ್ಗ ಸೊಸೆಯ ಕೈಗೆ. ಅತ್ತೆ ಬದುವಿನ ಮೇಲೆ ನಿಲ್ಲಬೇಕು, ಹೊತ್ತು ಮುಳುಗುವ ತನಕ ಒಂದು ಮಾತೂ ಆಡಬಾರದು. ನಾನು ಇಪ್ಪತ್ತೆರಡು ವರ್ಷ ನಿಂತಿದ್ದೇನೆ. ನನ್ನ ಸೊಸೆ ಸೊಟ್ಟ ಎಳೆಸುತ್ತಾಳೆ. ಪ್ರತಿ ವರ್ಷವೂ ಸೊಟ್ಟ. ಆದರೂ ಪೈರು ಚೆನ್ನಾಗಿ ಬರುತ್ತದೆ, ಅದೇ ನನಗೆ ತಡೆಯೋಕಾಗಲ್ಲ.