ಮೈದುನ ಹಿಡಿದ ಮೀನು

"ಗುರುಗಳೇ, ನಾನು ಪಾಠ ಹೇಳಿಕೊಡುತ್ತಿರುವ ಹುಡುಗ ಚೆನ್ನಾಗಿ ಕಲಿತಿದ್ದಾನೆ. ಹಾಗೆಂದು ಬಾಯಿ ಬಿಟ್ಟು ಹೇಳಿದರೆ ಅಟ್ಟ ಹತ್ತಿ ಕೂರುತ್ತಾನೆಂದು ಸುಮ್ಮನಿದ್ದೇನೆ. ಸರಿಯಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಹೊಳೆಯ ದಡದಲ್ಲಿ ಒಬ್ಬ ಬೆಸ್ತನಿದ್ದ. ಗಾಳ ಹಾಕುವುದನ್ನು ಕಲಿಸುವುದರಲ್ಲಿ ಎತ್ತಿದ ಕೈ. ಹೆಂಡತಿಯ ತಮ್ಮನೇ ಅವನ ಬಳಿ ಕಲಿಯುತ್ತಿದ್ದ. ಆ ದಡದಲ್ಲಿ ಒಂದು ಪದ್ಧತಿ. ಕಲಿಯುವವನು ತಾನು ಹಿಡಿದ ಮೀನನ್ನು ಕಲಿಸುವವನ ಮುಂದಿಡಬೇಕು. ಅವನು ಅದನ್ನು ಮನೆಗೆ ಒಯ್ದು ಉಂಡರೆ ವಿದ್ಯೆ ಕೈಹತ್ತಿತೆಂದು ಅರ್ಥ. ನೀರಿಗೆ ಬಿಟ್ಟರೆ, ಇನ್ನೂ ಇಲ್ಲ.

ಚಳಿಗಾಲದಲ್ಲಿ ನೀರು ತಿಳಿ. ಮನುಷ್ಯನ ನೆರಳು ಬಿದ್ದರೂ ಮೀನು ಓಡುತ್ತದೆ. ಮೈದುನ ಬೆಳಗಿನಿಂದ ಅಲುಗಾಡದೆ ಮಲಗಿ ಕಾದು ಒಂದನ್ನು ಹಿಡಿದು ತಂದ. "ಚಳಿಗೆ ಮಂಕಾದ ಮೀನು, ಇದೇನು ಮಹಾ!" ಎಂದು ಬೆಸ್ತ ಅದನ್ನು ನೀರಿಗೆ ಬಿಟ್ಟ. ಬೇಸಿಗೆಯಲ್ಲಿ ಮಡುವಿನಿಂದ ಹಿಡಿದು ತಂದ. "ನೀರಿಳಿದು ಎಲ್ಲ ಒಂದೇ ಕಡೆ ಸೇರಿವೆ. ಕಣ್ಣು ಮುಚ್ಚಿ ಎಸೆದರೂ ಸಿಗುತ್ತವೆ. ಮಳೆಗಾಲದಲ್ಲಿ ತೋರಿಸು" ಎಂದು ಅದನ್ನೂ ಬಿಟ್ಟ.

ಅಂದು ಉಣ್ಣುವಾಗ ಹೆಂಡತಿಗೆ ಹೇಳಿದ: "ನಿನ್ನ ತಮ್ಮನ ಕೈ ನನ್ನ ಕೈಗಿಂತ ಮೇಲು ಕಣೇ."

"ಅಯ್ಯೋ, ನನಗ್ಯಾಕೆ ಹೇಳ್ತೀರಿ? ಅವನಿಗೇ ಹೇಳಿ. ಮೂರು ವರ್ಷದಿಂದ ನಿಮ್ಮ ಬಾಯಿ ನೋಡ್ತಿದ್ದಾನೆ."

ಬೆಸ್ತನಿಗೆ ಮೈದುನನೆಂದರೆ ಪ್ರಾಣ. ಆದರೂ ಅವನೆದುರು ನಾಲಿಗೆ ಏಳುತ್ತಿರಲಿಲ್ಲ, ಹಾಳು ಬಿಗುಮಾನ!

ಮಳೆ ಹಿಡಿಯಿತು. ಹೊಳೆಗೆ ಕೆನ್ನೀರು ಬಂತು. ಮೈದುನ ದಡದಲ್ಲೇ ನಿಂತು ದೊಡ್ಡದೊಂದನ್ನು ಹಿಡಿದು ಬುಟ್ಟಿಗೆ ಹಾಕಿದ. "ಒಂದೇ ಆದರೆ ಭಾವ ಅದೃಷ್ಟ ಅಂದುಬಿಡ್ತಾರೆ" ಎಂದು ಪಕ್ಕದವರಿಗೆ ಹೇಳಿ, ಇನ್ನೊಂದಕ್ಕಾಗಿ ಕೆಳಗಿನ ಬಂಡೆಗೆ ಇಳಿದ. ಕಾಲು ಜಾರಿತು. ಸಂಜೆ ಹೆಣ ಸಿಕ್ಕಿತು.

ಅಕ್ಕ ಆ ಬುಟ್ಟಿಯನ್ನು ತಂದು ಗಂಡನ ಮುಂದಿಟ್ಟಳು. ಬೆಸ್ತ ಹೆಣದ ಕಾಲು ಹಿಡಿದುಕೊಂಡು, "ನನ್ನನ್ನು ಮೀರಿಸಿದೆಯಲ್ಲೋ ನನ್ನಪ್ಪಾ" ಎಂದು ಊರಿಗೆಲ್ಲ ಕೇಳುವ ಹಾಗೆ ಗೋಳೋ ಎಂದು ಅತ್ತ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ ಕಣ್ಣೊರೆಸಿಕೊಂಡು, "ತಪ್ಪಾಯಿತು ಗುರುಗಳೇ, ಹುಡುಗ ನಾಳೆ ಪಾಠಕ್ಕೆ ಬಂದಾಗ ಹೇಳಿಬಿಡುತ್ತೇನೆ" ಎಂದ.

ಗುರುಗಳು ಕೇಳಿದರು: "ಈಗ ಎಲ್ಲಿದ್ದಾನಪ್ಪ ಅವನು?"