ಗವಿ ಕಾಯುವ ದ್ಯಾಮವ್ವನ ಕಂಬಳಿ

ಹತ್ರ ಬನ್ನಿ, ಕಾಲು ಮಡಚಿ ಕೂತ್ಕೊಳ್ಳಿ. ಮಧ್ಯೆ ಯಾರೂ ಬಾಯಿ ಹಾಕಬಾರದು, ಆಮೇಲೆ ನನಗೆ ಕಥೆ ಮರೆತುಹೋಗುತ್ತೆ.

ಒಂದು ರಾಜ್ಯ ಇತ್ತು. ಅಲ್ಲಿ ಸೌದೆಯೇ ಇರಲಿಲ್ಲ, ಬರೀ ಕಲ್ಲುಗುಡ್ಡ. ಆದರೆ ಒಂದು ಬಂಡೆಯ ಬಿರುಕಿನಿಂದ ಬೆಂಕಿಗಾಳಿ ಬರುತ್ತಿತ್ತು. ಕಿಡಿ ತಾಗಿದರೆ ಉರಿಯುವ ಗಾಳಿ. ಬೇಸಿಗೆಯಲ್ಲಿ ಅದು ಯಾರಿಗೆ ಬೇಕು? ತೊಗಲಿನ ಚೀಲಗಳಿಗೆ ತುಂಬಿ ಗವಿಯಲ್ಲಿ ಇಡುತ್ತಿದ್ದರು. ಚಳಿಗಾಲ ಬಂತೆಂದರೆ ವ್ಯಾಪಾರಿಗಳು ಗವಿಯಿಂದ ಚೀಲ ಕೊಂಡು ಪೇಟೆಯಲ್ಲಿ ಮಾರುತ್ತಿದ್ದರು.

ಗವಿ ಕಾಯುತ್ತಿದ್ದವಳು ದ್ಯಾಮವ್ವ ಅನ್ನೋ ಮುದುಕಿ. ಅವಳನ್ನು ಬಿಟ್ಟು ಯಾರೂ ಒಳಗೆ ಹೋಗುವ ಹಾಗಿರಲಿಲ್ಲ. ಯಾವನಾದರೂ ದೀಪ ಹಿಡಿದು ಹೋದರೆ ಗುಡ್ಡವೇ ಹಾರಿಹೋದೀತು ಅಂತ ರಾಜನಿಗೆ ಹೆದರಿಕೆ. ಹಾಗಾದರೆ ಒಳಗೆ ಎಷ್ಟು ಉಳಿದಿದೆ ಅಂತ ವ್ಯಾಪಾರಿಗಳಿಗೆ ಗೊತ್ತಾಗೋದು ಹೇಗೆ? ದ್ಯಾಮವ್ವನ ಮೈಮೇಲೆ ಕಂಬಳಿ ಇದೆಯೋ ಇಲ್ಲವೋ ಅಂತ ನೋಡಿಕೊಂಡು. ಚೀಲ ಕಡಿಮೆಯಾದರೆ ಅವಳು ಮೊದಲು ತನ್ನ ಒಲೆ ಆರಿಸಿ ಕಂಬಳಿ ಹೊದೆಯುತ್ತಿದ್ದಳು. ಅಂಥ ನಿಯತ್ತಿನ ಹೆಂಗಸು. ಅವಳು ಕಂಬಳಿ ಹೊದ್ದರೆ ಪೇಟೆಯಲ್ಲಿ ಬೆಲೆ ಏರುತ್ತಿತ್ತು, ತೆಗೆದರೆ ಇಳಿಯುತ್ತಿತ್ತು.

ಆ ಪೇಟೆಯಲ್ಲಿ ತಿಪ್ಪಣ್ಣ ಎಂಬ ವ್ಯಾಪಾರಿ ಇದ್ದ. ಬೇಸಿಗೆಯಲ್ಲೇ ಅಗ್ಗಕ್ಕೆ ಚೀಲ ಕೊಂಡು ಮನೆ ತುಂಬಿಸಿಕೊಂಡಿದ್ದ. ಆದರೆ ಆ ವರ್ಷ ಗವಿಯೂ ತುಂಬಿತ್ತು, ಬೆಲೆ ಏಳಲೇ ಇಲ್ಲ. ಅವನು ಏನು ಮಾಡಿದ ಗೊತ್ತಾ? ಒಂದು ಕಂಬಳಿ ತಗೊಂಡು ಗವಿಗೆ ಹೋದ.

“ಅವ್ವಾ, ವಯಸ್ಸಾಯ್ತು, ಚಳಿ ಬೇರೆ. ಹೊದ್ಕೋ,” ಅಂದ.

ಪಾಪ, ಮುದುಕಿಯ ಕಣ್ಣಲ್ಲಿ ನೀರು ಬಂತು. ಹೊದ್ದಳು. ಬೆಲೆ ಏರಿತು. ಎರಡನೇ ಕಂಬಳಿ ತಂದ. ಹೊದ್ದಳು. ಬೆಲೆ ಮತ್ತೆ ಏರಿತು. ಮೂರನೆಯದು ತಂದ. ಅದನ್ನೂ ಹೊದ್ದಳು. ಬೆಲೆ ಬಡವರ ಕೈಗೆ ಸಿಗದಷ್ಟು ಮೇಲೆ ಹೋಯಿತು. ಆದರೂ ತಿಪ್ಪಣ್ಣ ಒಂದು ಚೀಲವನ್ನೂ ಮಾರಲಿಲ್ಲ. ಇನ್ನೂ ಏರಲಿ ಅಂತ ಕಾಯುತ್ತ ಕೂತ, ಆಸೆಬುರುಕ.

ಒಂದು ದಿನ ಕುಂಬಾರರ ಗಂಗಿ ಹಸಿಕೂಸನ್ನು ಎದೆಗೆ ಅವಚಿಕೊಂಡು ಗವಿಗೆ ಬಂದಳು.

“ಅಜ್ಜಿ, ಕೂಸಿನ ಕೈಕಾಲು ತಣ್ಣಗಾಗ್ತಿವೆ. ನೀನು ಮೂರು ಕಂಬಳಿ ಹೊದ್ದಿದ್ದೀಯಂತೆ, ಗವಿ ಖಾಲಿಯಂತೆ. ಚೀಲ ಕೊಳ್ಳೋಕೆ ನಮ್ಮ ಕೈಲಿ ಆಗ್ತಿಲ್ಲ.”

ತಾನು ಹೊದ್ದ ಕಂಬಳಿಯಿಂದಲೇ ಬೆಲೆ ಏರಿದೆ ಅಂತ ದ್ಯಾಮವ್ವನಿಗೆ ಆಗ ಗೊತ್ತಾಯಿತು. ಗವಿಯದು ರಾಜನ ಸೊತ್ತು ಅಂತ, ತನ್ನ ಒಲೆಯ ಚೀಲವನ್ನೇ ಬಿಚ್ಚಿ ಕೊಟ್ಟಳು. ಇವತ್ತಿಗಾಯ್ತು, ನಾಳೆಗೆ? ಬೇರೆ ಮನೆಯ ಕೂಸುಗಳಿಗೆ? ನೇರ ಪೇಟೆಗೆ ಹೋಗಿ, “ಗವಿ ತುಂಬಿದೆ ಕಣ್ರಪ್ಪಾ,” ಅಂದಳು.

“ಮೂರು ಕಂಬಳಿ ಹೊದ್ದುಕೊಂಡು ಹೇಳ್ತಾಳೆ ನೋಡಿ,” ಎಂದು ವ್ಯಾಪಾರಿಗಳು ನಕ್ಕರು.

ಮುದುಕಿಗೆ ಸಿಟ್ಟು ಬಂತು. ಅಲ್ಲೇ ಒಂದು ಕಂಬಳಿ ತೆಗೆದಳು. ಏರುತ್ತಿದ್ದ ಬೆಲೆ ನಿಂತಿತು. ಎರಡನೆಯದು ತೆಗೆದಳು. ಬೆಲೆ ಇಳಿಯಿತು. ಮೂರನೆಯದನ್ನೂ ತೆಗೆದು, ಬರೀ ಸೀರೆಯಲ್ಲಿ, ಆ ಕೊರೆಯುವ ಚಳಿಯಲ್ಲಿ, ಹಲ್ಲು ಕಚ್ಚಿಕೊಂಡು ಪೇಟೆಯ ಉದ್ದಕ್ಕೂ ನಡೆದಳು. ವ್ಯಾಪಾರಿಗಳು ಕಂಗಾಲಾದರು. ನನ್ನ ಚೀಲ ತಗೊಳ್ಳಿ, ನನ್ನ ಚೀಲ ತಗೊಳ್ಳಿ ಅಂತ ಜನರ ಹಿಂದೆ ಬಿದ್ದರು. ಸಂಜೆಯೊಳಗೆ ಊರಿನ ಒಲೆಗಳೆಲ್ಲ ಹತ್ತಿದವು. ತಿಪ್ಪಣ್ಣನೂ ತಾನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾಯಿತು.

ಸುದ್ದಿ ರಾಜನಿಗೆ ಮುಟ್ಟಿತು. ದೀಪ ಹಿಡಿಯದೆ, ಹಗಲಿನಲ್ಲಿ, ಯಾರು ಬೇಕಾದರೂ ಗವಿಗೆ ಹೋಗಿ ಚೀಲ ನೋಡಿ ಬರಬಹುದು ಎಂದು ಡಂಗುರ ಹೊಡೆಸಿದ.

ಚಳಿಯಲ್ಲಿ ನಡೆದ ದ್ಯಾಮವ್ವನಿಗೆ ಜ್ವರ ಬಂದಿತ್ತು. ತಿಪ್ಪಣ್ಣ ತಲೆ ತಗ್ಗಿಸಿಕೊಂಡು ನೋಡಲು ಬಂದ.

ಮುದುಕಿ ಬೈಯಲಿಲ್ಲ. “ನನ್ನ ಚಳಿಗೆ ಅಂತ ಕೊಟ್ಟಿದ್ದರೆ ಸಾಯೋವರೆಗೂ ಹೊದೀತಿದ್ದೆ ಕಣಪ್ಪಾ,” ಅಂದಳು.

ಅವನು ಅತ್ತುಬಿಟ್ಟ.

ಅದಕ್ಕೇ ಹೇಳೋದು ಮಕ್ಕಳೇ, ಕಣ್ಣಾರೆ ನೋಡಬಹುದಾದ್ದನ್ನು ಊಹೆಗೆ ಬಿಡಬೇಡಿ. ಇನ್ನೊಬ್ಬರ ಚಳಿಯಲ್ಲಿ ಲಾಭ ಹುಡುಕಬೇಡಿ.