ಒದ್ದೆ ಸೌಟು

ಮನೆಯಾಕೆ ತೀರಿಹೋದ ಮೇಲೆ ಅಡುಗೆಮನೆಯ ಪಾತ್ರೆಗಳು ತಮ್ಮದೇ ಒಂದು ಸರ್ಕಾರ ಮಾಡಿಕೊಂಡವು. ಎಲ್ಲರ ಹೊಟ್ಟೆಗೂ ಇಳಿಯಬಲ್ಲದ್ದು ಸೌಟು ಒಂದೇ. ಹಾಗಾಗಿ ಅದೇ ಪ್ರಧಾನಿಯಾಯಿತು. ಉಳಿದವರು ಮಂತ್ರಿಗಳು. ಯಾರ ಹೊಟ್ಟೆಯಲ್ಲಿ ಏನು ಕೆಟ್ಟರೂ ಅವರೇ ಹೊಣೆ, ಅವರು ಹಲಗೆ ಬಿಟ್ಟು ಹಿತ್ತಲಿಗೆ ಹೋಗಬೇಕು ಎಂದು ಕಟ್ಟಳೆಯಾಯಿತು.

ಒಂದು ದಿನ ಸೌಟು ಸಾರಿನಿಂದ ಎದ್ದು ನೇರ ಉಪ್ಪಿನ ಭರಣಿಗೆ ಇಳಿಯಿತು.

"ಸ್ವಾಮಿ, ಒರೆಸಿಕೊಂಡು ಬನ್ನಿ. ಅಮ್ಮ ಇದ್ದಾಗ ಒದ್ದೆ ಸೌಟು ನನ್ನ ಹತ್ತಿರ ಸುಳಿದದ್ದೇ ಇಲ್ಲ," ಎಂದಿತು ಭರಣಿ.

"ಅಮ್ಮ ಈಗ ಇಲ್ಲವಲ್ಲ," ಎಂದಿತು ಸೌಟು.

ದಿನಾ ಹಾಗೇ ನಡೆಯಿತು. ವಾರಕ್ಕೆ ಉಪ್ಪೆಲ್ಲ ನೀರಾಯಿತು. ಸೌಟು ಸಭೆ ಕರೆಯಿತು.

"ಉಪ್ಪು ಯಾರ ಖಾತೆ?"

"ನನ್ನದೇ," ಎಂದಿತು ಭರಣಿ. "ಆದರೆ ಒದ್ದೆ ತಮ್ಮದಲ್ಲವೇ?"

"ಒದ್ದೆ ಯಾರದ್ದು ಅಂತ ಯಾರು ಕೇಳಿದರು? ಕೆಟ್ಟದ್ದು ಯಾರ ಹೊಟ್ಟೆಯಲ್ಲಿ? ಏನ್ರಪ್ಪಾ, ಇದು ಎಲ್ಲರ ಮಾತು ತಾನೆ?"

"ಹೌದು, ಹೌದು," ಎಂದವು ಎಲ್ಲ ಪಾತ್ರೆಗಳೂ. ಉಪ್ಪಿನಕಾಯಿ ಜಾಡಿಯ ದನಿಯೇ ಎಲ್ಲಕ್ಕಿಂತ ಜೋರಾಗಿತ್ತು.

ಭರಣಿ ಸುತ್ತ ನೋಡಿತು. ಇಪ್ಪತ್ತು ವರ್ಷ ಒಂದೇ ಹಲಗೆಯ ಮೇಲೆ ಕೂತವರು ಒಬ್ಬರೂ ಅದರ ಮುಖ ನೋಡಲಿಲ್ಲ. ಅದು ಹಿತ್ತಲಿಗೆ ಹೋಯಿತು.

ಸಭೆ ಮುಗಿದ ಮೇಲೆ ಸೌಟು ಮತ್ತೆ ಸಾರಿನಲ್ಲಿ ಮುಳುಗಿ ಎದ್ದು, ಉಪ್ಪಿನಕಾಯಿ ಜಾಡಿಯ ಮುಂದೆ ಬಂದು ನಿಂತಿತು.

"ಎಲ್ಲಿ, ಮುಚ್ಚಳ ತೆಗಿ."

ಒರೆಸಿಕೊಂಡು ಬನ್ನಿ ಎನ್ನಲು ಜಾಡಿಗೆ ಬಾಯಿ ಬರಲಿಲ್ಲ. ಅದು ಸೌಟಿನ ತುದಿಯನ್ನೇ ನೋಡಿತು. ಸಾರು ಇನ್ನೂ ತೊಟ್ಟಿಕ್ಕುತ್ತಿತ್ತು.